ಸ್ನಾಯುಗಳ ಬಿಗಿತ ಮತ್ತು ಮಗುವಿನ ನೋವು

ಮಿರಜದಲ್ಲಿ ತಂಬೂರಿ ಕಟ್ಟುವವರು ತಂತಿಯ ಹದವನ್ನು ಬಲ್ಲರು. ತಂತಿ ಅತಿಯಾಗಿ ಬಿಗಿದರೂ, ಸಡಿಲವಾದರೂ ಶ್ರುತಿ ಕೂಡದು. ದೇಹದ ಸ್ನಾಯುಗಳಿಗೂ ಅಂಥದೇ ಹದವುಂಟು. ಅದನ್ನು ಕಾಯುವುದು ಮೆದುಳು ಮತ್ತು ಬೆನ್ನುಹುರಿ. ಹುಟ್ಟುವ ಮುನ್ನ, ಹೆರಿಗೆಯಲ್ಲಿ ಅಥವಾ ಎಳವೆಯಲ್ಲಿ ಮೆದುಳಿಗೆ ಹಾನಿಯಾದರೆ ಈ ಹದ ಕೆಡುತ್ತದೆ. ಸೆರೆಬ್ರಲ್ ಪಾಲ್ಸಿ ಎಂದು ಕರೆಯುವುದು ಇದನ್ನೇ.

ಕೆಲವು ಮಕ್ಕಳ ಕಾಲುಗಳು ಸೆಟೆದು ಕತ್ತರಿಯಂತೆ ಹೆಣೆದುಕೊಳ್ಳುತ್ತವೆ. ಹಿಮ್ಮಡಿ ನೆಲಕ್ಕೆ ತಾಗದು. ಕೆಲವರ ಕೈಕಾಲುಗಳು ತಾವಾಗಿಯೇ ತಿರುಚಿಕೊಳ್ಳುತ್ತವೆ. ಇನ್ನು ಕೆಲವರಲ್ಲಿ ಸ್ನಾಯು ಸಡಿಲವಾಗಿ ಕತ್ತು ನಿಲ್ಲುವುದೇ ತಡವಾಗುತ್ತದೆ. ಇದು ಸೋಮಾರಿತನವಲ್ಲ, ಹಠವೂ ಅಲ್ಲ.

ನೋವಿನ ಮಾತು ಬೇರೆಯೇ. ಮಗು ಬೆಳೆದಂತೆ ಎಲುಬು ಉದ್ದವಾಗುತ್ತದೆ, ಬಿಗಿದ ಸ್ನಾಯು ಅಷ್ಟು ಬೆಳೆಯದು. ಕೀಲು ಎಳೆಯಲ್ಪಡುತ್ತದೆ, ಸೊಂಟದ ಕೀಲು ಮೆಲ್ಲನೆ ಜಾರಲೂಬಹುದು. ನೋವು ಬಿಗಿತವನ್ನು ಹೆಚ್ಚಿಸುತ್ತದೆ, ಬಿಗಿತ ನೋವನ್ನು. ಮಾತು ಬಾರದ ಮಗುವಿನಲ್ಲಿ ನಿದ್ರೆಗೇಡು, ಊಟ ಬೇಡವೆನ್ನುವುದು, ಬಟ್ಟೆ ತೊಡಿಸುವಾಗಿನ ಅಳು ಇವೇ ಸೂಚನೆಗಳು. ಬಿಗಿತ ಒಮ್ಮೆಲೇ ಹೆಚ್ಚಿದರೆ ಮಲಬದ್ಧತೆ, ಹಲ್ಲುನೋವು, ಮೂತ್ರದ ಸೋಂಕು, ಕಚ್ಚುವ ಪಟ್ಟಿಗಳನ್ನು ಮೊದಲು ನೋಡಬೇಕು.

ಸೆಟೆದ ಕಾಲನ್ನು ಬಲವಂತದಿಂದ ಎಳೆದು ನೇರಮಾಡುವುದು ತಪ್ಪು. ವೇಗವಾಗಿ ಎಳೆದಷ್ಟೂ ಅದು ಬಿಗಿಯುತ್ತದೆ. ನಿಧಾನವಾದ ವ್ಯಾಯಾಮ, ಸರಿಯಾದ ಆಸನ, ಅಳತೆಯ ಪಟ್ಟಿಗಳು ಮೊದಲ ಉಪಚಾರ. ಬ್ಯಾಕ್ಲೋಫೆನ್ ಗುಳಿಗೆಯನ್ನು ವೈದ್ಯರು ಹೇಳದೆ ಥಟ್ಟನೆ ನಿಲ್ಲಿಸಬಾರದು. ಬೊಟುಲಿನಮ್ ಚುಚ್ಚುಮದ್ದಿನ ಪರಿಣಾಮ ಸುಮಾರು ಮೂರು ತಿಂಗಳಿನದು. ಕಲಿತ ನಡಿಗೆಯನ್ನು ಮಗು ಮರೆಯತೊಡಗಿದರೆ ಅದು ಬೇರೆ ರೋಗವಿರಬಹುದು, ತಡಮಾಡಲಾಗದು.

1894ರಲ್ಲಿ ಡಾ. ವಾನ್ಲೆಸ್ ಅವರು ಮಿರಜದಲ್ಲಿ ಆಸ್ಪತ್ರೆ ತೆರೆದರು. 1962ರಲ್ಲಿ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯ ಬಂದಿತು. ಗಡಿಯ ಕನ್ನಡಿಗರಿಗೆ ಮಿರಜವು ಅಂದಿನಿಂದಲೂ ವೈದ್ಯರ ಊರು. ಆದರೆ ಅಲ್ಲಿ ವಿಚಾರಣೆ ಬಹುಮಟ್ಟಿಗೆ ಮರಾಠಿಯಲ್ಲಿ ನಡೆಯುತ್ತದೆ. ಜತ್ತ ತಾಲೂಕಿನ ಮಗು ‘ಸೆಳೀತೈತಿ’ ಎಂದುದು ‘ದುಖತೆ’ ಎಂಬ ಒಂದೇ ಮಾತಾದರೆ, ಸೆಳೆತ, ಚುಚ್ಚು, ಉರಿಗಳ ಭೇದ ಅಳಿಸಿಹೋಗುತ್ತದೆ. ಆದ್ದರಿಂದ ಯಾವ ಹೊತ್ತಿಗೆ, ಎಲ್ಲಿ, ಹೇಗೆ ನೋಯುತ್ತದೆಂದು ಮಗುವಿನ ಮಾತಿನಲ್ಲಿಯೇ ಬರೆದಿಟ್ಟು, ಮರಾಠಿ ಬಲ್ಲವರಿಂದ ವಿವರಿಸಿ ಹೇಳಿಸುವುದು ಲೇಸು.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡ ಶಾಲೆಗೆ ಬಂದ ದಿನ ಇಂಥ ಮಗುವನ್ನು ತಪ್ಪದೆ ತೋರಿಸಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೆರೆಬ್ರಲ್ ಪಾಲ್ಸಿಯೂ ಸೇರಿದೆ. ಶೇ. 40ರ ಪ್ರಮಾಣಪತ್ರವುಳ್ಳ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಿ ಉಚಿತವಾಗಿ ಕಲಿಯುವ ಹಕ್ಕಿದೆ. ಪಾದ ನೆಲಕ್ಕೆ ಊರುವಂಥ ಆಸನ, ನಡುನಡುವೆ ಮೈ ಹೊರಳಿಸಲು ಬಿಡುವು ದೊರೆತರೆ ಆ ಮಗು ತರಗತಿಯಲ್ಲಿ ಹೆಚ್ಚು ಹೊತ್ತು ನೋವಿಲ್ಲದೆ ಕುಳಿತೀತು.