ಚಾರ್ಲಿಯ ಅಜ್ಜ ಯಾರು?

ಎಡ್ವರ್ಡ್ ಪೋರ್ಟರ್ ಅಲೆಕ್ಸಾಂಡರ್‌ನ ವಂಶಾವಳಿ ಬರೆಯುವುದು ಸುಲಭ. 1835ರಲ್ಲಿ ಅಮೆರಿಕದ ಜಾರ್ಜಿಯಾದ ವಾಷಿಂಗ್ಟನ್ ಊರಿನ ತೋಟದೊಡೆಯರ ಮನೆಯಲ್ಲಿ ಹುಟ್ಟಿದವನು. ತಂದೆ ಆಡಮ್ ಲಿಯೋಪೋಲ್ಡ್, ತಾಯಿ ಸಾರಾ, ಹೆಂಡತಿ ವರ್ಜೀನಿಯಾದ ಬೆಟ್ಟಿ ಮೇಸನ್. ಬಾವಂದಿರಲ್ಲಿ ಇಬ್ಬರು, ಲಾಟನ್ ಮತ್ತು ಗಿಲ್ಮರ್, ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರ ನಿಂತ ದಕ್ಷಿಣದ ಸೇನೆಯಲ್ಲಿ ಜನರಲ್‌ಗಳು. 1863ರ ಜುಲೈ 3ರಂದು ಗೆಟ್ಟಿಸ್‌ಬರ್ಗ್‌ನಲ್ಲಿ, ಅದೇ ಸೇನೆಯ ಜನರಲ್ ಪಿಕೆಟ್‌ನ ದಾಳಿಗೆ ಮುನ್ನ ಜನರಲ್ ಲಾಂಗ್‌ಸ್ಟ್ರೀಟ್‌ನ ಪಡೆಯ ಫಿರಂಗಿಗಳನ್ನು ಗುಡುಗಿಸಿದಾಗ ಅವನಿಗೆ 28 ವರ್ಷ. ಸೋತ ಮೇಲೂ ಬದುಕು ಕೈಬಿಡಲಿಲ್ಲ. ಗಣಿತದ ಮೇಷ್ಟ್ರಾದ, ರೈಲ್ವೆ ಕಂಪನಿಗಳ ಅಧ್ಯಕ್ಷನಾದ, ಸೌತ್ ಕೆರೊಲಿನಾದಲ್ಲಿ ಭತ್ತದ ತೋಟದ ಒಡೆಯನಾದ. 1910ರಲ್ಲಿ ತೀರಿಕೊಂಡ.

ಮನೆಯವರಿಗೆಂದು ಅವನು ಬರೆದಿಟ್ಟ ನೆನಪುಗಳು 1989ರಲ್ಲಿ ಅಚ್ಚಾದವು. ಯುದ್ಧದ ಇತಿಹಾಸ ಓದುವವರು ಆ ಪುಸ್ತಕವನ್ನು ಮೆಚ್ಚುತ್ತಾರೆ, ನಾನೂ ಮೆಚ್ಚುತ್ತೇನೆ. ದಕ್ಷಿಣದವರು ದೇವರಂತೆ ಕಂಡ ಜನರಲ್ ಲೀಯ ತಪ್ಪುಗಳನ್ನೂ ಅದು ಮುಚ್ಚಿಡುವುದಿಲ್ಲ. ಅದರೊಳಗೆ ಚಾರ್ಲಿ ಎಂಬ ಹುಡುಗನಿದ್ದಾನೆ. ಹದಿನೈದರ ಪ್ರಾಯ, ಕುದುರೆ ನೋಡಿಕೊಳ್ಳಲು ಬಾಡಿಗೆಗೆ ಪಡೆದವನು. ಗುಲಾಮರ ಬಾಡಿಗೆ ಒಡೆಯರ ಜೇಬಿಗೆ ಹೋಗುತ್ತಿದ್ದ ಕಾಲ ಅದು. ಅವನಿಗೆ ತಾನು ಎರಡೇ ಸಲ ಹೊಡೆದದ್ದು ಎನ್ನುತ್ತಾನೆ ಅಲೆಕ್ಸಾಂಡರ್. ಒಮ್ಮೆ ಯಾರದೋ ಮರದ ಪಿಯರ್ ಹಣ್ಣು ಕದ್ದದ್ದಕ್ಕೆ, ಇನ್ನೊಮ್ಮೆ ಗೆಟ್ಟಿಸ್‌ಬರ್ಗ್‌ಗೆ ಸ್ವಲ್ಪ ಮುಂಚೆ ಸೇಬಿನ ಬ್ರಾಂದಿ ಕುಡಿದದ್ದಕ್ಕೆ. ಹೇಳುವ ಧಾಟಿಯಲ್ಲಿ ಕ್ರೌರ್ಯವಿಲ್ಲ, ಸಲಿಗೆಯಿದೆ, ಹುಡುಗನನ್ನು ಹೊಗಳುವ ಮಾತೂ ಇದೆ. ನನ್ನ ನಿದ್ದೆ ಕೆಡಿಸಿದ್ದು ಆ ಸಲಿಗೆಯೇ. ಲೀಯ ತಪ್ಪನ್ನು ಎಣಿಸಬಲ್ಲ ಕಣ್ಣಿಗೆ ತನ್ನ ಕೈಯಲ್ಲಿದ್ದ ಬಾರುಕೋಲು ಕಾಣಲಿಲ್ಲ.

ಈಗ ಚಾರ್ಲಿಯ ವಂಶಾವಳಿ ಬರೆಯಿರಿ, ನೋಡೋಣ. ಅವನ ಅಜ್ಜ ಯಾರು? ಅಜ್ಜಿಯನ್ನು ಯಾವ ಊರಿನಲ್ಲಿ ಮಾರಿದರು?

1850 ಮತ್ತು 1860ರ ಜನಗಣತಿಗಳಲ್ಲಿ ಗುಲಾಮರಿಗೆ ಪ್ರತ್ಯೇಕ ಪಟ್ಟಿಯಿತ್ತು. ಅದರಲ್ಲಿ ಒಡೆಯನ ಹೆಸರಿದೆ. ಅದರ ಕೆಳಗೆ ಸಾಲಾಗಿ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಹೆಸರು ಮಾತ್ರ ಹೆಚ್ಚುಕಡಿಮೆ ಎಲ್ಲಿಯೂ ಇಲ್ಲ. 1860ರಲ್ಲಿ ಇಂಥವರು ಸುಮಾರು 39 ಲಕ್ಷ 50 ಸಾವಿರ. ಬಿಡುಗಡೆಯ ನಂತರದ 1870ರ ಗಣತಿಯಲ್ಲಿ ಮೊದಲ ಬಾರಿಗೆ ಅವರೆಲ್ಲ ಹೆಸರಿನೊಂದಿಗೆ ಕಾಣಿಸಿಕೊಂಡರು. ಇಂದಿಗೂ ಕಪ್ಪು ಅಮೆರಿಕನ್ನರು ತಮ್ಮ ಹಿರಿಯರನ್ನು ಹುಡುಕುತ್ತ ಹೋದರೆ ಆ ವರ್ಷದ ಗೋಡೆಗೆ ಬಂದು ತಾಗುತ್ತಾರೆ. ಬಿಡುಗಡೆಯಾದವರು ದಶಕಗಳ ಕಾಲ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟರು: ನನ್ನ ತಾಯಿಯನ್ನು ಇಂಥವನಿಗೆ ಮಾರಿದರು, ಕಂಡವರು ದಯವಿಟ್ಟು ತಿಳಿಸಿ, ಎಂಬಂಥ ಜಾಹೀರಾತು. ಮದುವೆಯ ವಯಸ್ಸಿನ ಮಕ್ಕಳಿದ್ದ ಮುದುಕರು ಅಮ್ಮನನ್ನು ಹುಡುಕುತ್ತಿದ್ದರು.

ಅಟ್ಲಾಂಟಾ, ಷಾರ್ಲೆಟ್, ರಾಲಿಗಳಲ್ಲಿ ನೆಲೆಸಿರುವ ಕನ್ನಡದ ಬಂಧುಗಳೇ, ಈ ಮಾತು ನಿಮಗೆ. ಸಾಲು ಓಕ್ ಮರಗಳ, ಬಿಳಿಕಂಬದ ತೋಟದ ಮನೆಗಳನ್ನು ನೋಡಲು ನೀವು ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದೊಯ್ಯುತ್ತೀರಿ. ಕರೆದೊಯ್ಯಿರಿ. ಆದರೆ ಒಡೆಯನ ಬೆಳ್ಳಿ ತಟ್ಟೆ ತೋರಿಸಿ ಸಾಗಹಾಕಲು ನೋಡುವ ಮಾರ್ಗದರ್ಶಿಯನ್ನು ನಿಲ್ಲಿಸಿ, ಗುಲಾಮರ ಗುಡಿಸಲು ಎಲ್ಲಿ, ಅವರ ಗೋರಿ ಎಲ್ಲಿ ಎಂದು ಕೇಳಿ. ಅಂಥ ಅಂಗಳವನ್ನು ಮಗಳ ಮದುವೆಗೆ ಬಾಡಿಗೆಗೆ ಹಿಡಿಯಬೇಡಿ. ನಮ್ಮ ಪೂರ್ವಿಕರು ಅಲ್ಲಿರಲಿಲ್ಲ, ನಮಗೇನು ಸಂಬಂಧ ಎನ್ನುವಿರಾ? ಪುಣೆಯ ಜೋತಿಬಾ ಫುಲೆ ಅಮೆರಿಕ ನೋಡಿದವರಲ್ಲ. ಆದರೂ 1873ರಲ್ಲಿ ತಮ್ಮ ‘ಗುಲಾಮಗಿರಿ’ ಪುಸ್ತಕವನ್ನು ಅವರು ಅರ್ಪಿಸಿದ್ದು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ.

ಕೈಯಾರೆ ಮಾಡಬಹುದಾದ ಕೆಲಸವೂ ಇದೆ. ಬಿಡುಗಡೆಯಾದ ಗುಲಾಮರ ನೆರವಿಗೆಂದು 1865ರಲ್ಲಿ ಹುಟ್ಟಿದ ಸರ್ಕಾರಿ ಇಲಾಖೆ ಫ್ರೀಡ್‌ಮೆನ್ಸ್ ಬ್ಯೂರೋದ ಕಡತಗಳಲ್ಲಿ ಅವರ ಹೆಸರು, ಕೂಲಿ ಕರಾರು, ಮದುವೆಯ ದಾಖಲೆಗಳಿವೆ. ಸ್ಮಿತ್‌ಸೋನಿಯನ್ ಸಂಸ್ಥೆ ಅವುಗಳ ಚಿತ್ರಗಳನ್ನು ಇಂಟರ್‌ನೆಟ್ಟಿಗೆ ಹಾಕಿ, ಆ ಕೈಬರಹವನ್ನು ಓದಿ ಟೈಪ್ ಮಾಡಲು ಸ್ವಯಂಸೇವಕರನ್ನು ಕರೆದಿದೆ. ಬೆಂಗಳೂರಲ್ಲಿ ಕೂತೂ ಮಾಡಬಹುದು, ಶಿರಸಿಯಲ್ಲಿ ಕೂತೂ ಮಾಡಬಹುದು. ಹಳೆಯ ಕೂಡಕ್ಷರದ ಇಂಗ್ಲಿಷ್ ಓದಲು ಬಂದರೆ ಸಾಕು. ಈ ಭಾನುವಾರ ಒಂದು ಪುಟ ತೆಗೆದುಕೊಳ್ಳಿ.