‘ಕ್ರೈಸ್ತರು ಹೀಗೆನ್ನುತ್ತಾರೆ’ ಎನ್ನುವ ಮುನ್ನ

ನಮ್ಮ ಪ್ರವಚನ ವೇದಿಕೆಗಳಲ್ಲಿ, ಕರಪತ್ರಗಳಲ್ಲಿ, ಈಗ ಮೊಬೈಲುಗಳಲ್ಲಿ ಹರಿದಾಡುವ ಕಿರು ಭಾಷಣಗಳಲ್ಲಿ ಒಂದು ವಾಕ್ಯ ಪದೇ ಪದೇ ಕೇಳಿಬರುತ್ತದೆ: ‘ಕ್ರೈಸ್ತರ ಪ್ರಕಾರ ನಂಬಿದರೆ ಸಾಕು, ಸತ್ಕರ್ಮ ಬೇಕಿಲ್ಲ.’ ಅದೇ ಭಾಷಣದಲ್ಲಿ ತುಸು ಹೊತ್ತಿನ ಬಳಿಕ ಇನ್ನೊಂದು ವಾಕ್ಯ: ‘ಕ್ರೈಸ್ತರು ದುಡ್ಡು ಕೊಟ್ಟು, ಪಾದ್ರಿಯಿಂದ ಪಾಪಕ್ಷಮೆ ಪಡೆಯುತ್ತಿದ್ದರು.’ ಮೊದಲನೆಯದು ಪ್ರೊಟೆಸ್ಟಂಟರ ಮೇಲೆ ಕ್ಯಾಥೊಲಿಕರು ಹೊರಿಸಿದ ಆರೋಪ. ಎರಡನೆಯದು ಕ್ಯಾಥೊಲಿಕರ ಮೇಲೆ ಪ್ರೊಟೆಸ್ಟಂಟರು ಹೊರಿಸಿದ ಆರೋಪ. ಐನೂರು ವರ್ಷಗಳ ಹಿಂದೆ ಅವರು ಪರಸ್ಪರರತ್ತ ಎಸೆದ ಕಲ್ಲುಗಳನ್ನು ನಾವು ಆಯ್ದುಕೊಂಡು ಇಬ್ಬರ ಮೇಲೂ ಎಸೆಯುತ್ತಿದ್ದೇವೆ. ಹಾಗೆ ಮಾಡುತ್ತಿರುವುದು ಎಸೆಯುವವರಿಗೆ ಬಹುಶಃ ತಿಳಿದೂ ಇಲ್ಲ.

ಇದು ಕೇವಲ ತಿಳಿವಳಿಕೆಯ ಕೊರತೆಯಲ್ಲ, ನ್ಯಾಯದ ಪ್ರಶ್ನೆ ಎಂಬುದು ನಮ್ಮ ಅಭಿಪ್ರಾಯ. ಗ್ರಂಥದವರೆಲ್ಲರೂ ಒಂದೇ ಸಮನಲ್ಲ ಎಂದು ಪವಿತ್ರ ಕುರ್‌ಆನ್ ಆಲು ಇಮ್ರಾನ್ ಅಧ್ಯಾಯದಲ್ಲಿ ಎಚ್ಚರಿಸಿದೆ. ಒಂದು ಜನಾಂಗದ ಮೇಲಿನ ದ್ವೇಷವು ನ್ಯಾಯ ತಪ್ಪುವುದಕ್ಕೆ ಕಾರಣವಾಗಬಾರದೆಂದು ಅಲ್ ಮಾಇದಃ ಅಧ್ಯಾಯದಲ್ಲಿ ಆಜ್ಞೆಯಿದೆ. ನಮ್ಮ ಪೂರ್ವ ವಿದ್ವಾಂಸರು ಇದನ್ನು ಪಾಲಿಸಿದ್ದರು. 1153ರಲ್ಲಿ ನಿಧನರಾದ ಇಮಾಮ್ ಶಹ್ರಸ್ತಾನಿಯವರು ತಮ್ಮ ‘ಅಲ್ ಮಿಲಲ್ ವನ್ನಿಹಲ್’ ಗ್ರಂಥದಲ್ಲಿ ಕ್ರೈಸ್ತರನ್ನು ಒಂದೇ ಮೂಟೆ ಕಟ್ಟಲಿಲ್ಲ. ಮಲ್ಕಾನಿಯ್ಯ, ನಸ್ತೂರಿಯ್ಯ, ಯಅ್‌ಕೂಬಿಯ್ಯ ಎಂದು ಬೇರೆ ಬೇರೆಯಾಗಿ ಹೆಸರಿಸಿ, ಒಬ್ಬೊಬ್ಬರ ವಾದವನ್ನೂ ವಿವರಿಸಿದರು. ಅವರ ಕಾಲದಲ್ಲಿ ಪ್ರೊಟೆಸ್ಟಂಟರು ಇರಲಿಲ್ಲ. ಇದ್ದಿದ್ದರೆ ಅವರಿಗೂ ಪ್ರತ್ಯೇಕ ಅಧ್ಯಾಯ ಸಿಗುತ್ತಿತ್ತೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಹಾಗಾದರೆ ಅವರಿಬ್ಬರ ನಡುವಿನ ಜಗಳವಾದರೂ ಏನು?

1517ರ ಅಕ್ಟೋಬರ್ 31ರಂದು ಜರ್ಮನಿಯ ವಿಟೆನ್‌ಬರ್ಗಿನಲ್ಲಿದ್ದ ಮಾರ್ಟಿನ್ ಲೂಥರ್ ಎಂಬ ಸನ್ಯಾಸಿ ಪ್ರಾಧ್ಯಾಪಕನು 95 ವಾದಸೂತ್ರಗಳನ್ನು ಬರೆದು ಮೈಂಜಿನ ಆರ್ಚ್‌ಬಿಷಪ್ ಆಲ್ಬ್ರೆಕ್ಟನಿಗೆ ಕಳುಹಿಸಿದನು. ಆಗ ಟೆಟ್ಝೆಲ್ ಎಂಬ ಬೋಧಕನು ಊರೂರು ಸುತ್ತಿ ದಂಡವಿನಾಯಿತಿ ಪತ್ರಗಳನ್ನು ಮಾರುತ್ತಿದ್ದ. ಬಂದ ಹಣದಲ್ಲಿ ಒಂದು ಪಾಲು ರೋಮಿನ ಸಂತ ಪೇತ್ರರ ಮಹಾದೇವಾಲಯದ ನಿರ್ಮಾಣಕ್ಕೆ, ಇನ್ನೊಂದು ಪಾಲು ಇದೇ ಆಲ್ಬ್ರೆಕ್ಟನು ತನ್ನ ಪದವಿಗಾಗಿ ಫುಗ್ಗರ್ ಎಂಬ ಲೇವಾದೇವಿ ಮನೆತನದಿಂದ ಪಡೆದಿದ್ದ ಸಾಲ ತೀರಿಸುವುದಕ್ಕೆ. ಬಡ್ಡಿ ಮತ್ತು ಧರ್ಮ ಒಂದೇ ಚೀಲದಲ್ಲಿ ಸೇರಿದರೆ ಏನಾಗುತ್ತದೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಆದರೆ ಇಲ್ಲಿಯೇ ಒಂದು ಸೂಕ್ಷ್ಮವಿದೆ, ನಮ್ಮ ಭಾಷಣಕಾರರು ಸದಾ ಬಿಟ್ಟುಬಿಡುವಂಥದ್ದು. ಕ್ಯಾಥೊಲಿಕ್ ಸಿದ್ಧಾಂತದಲ್ಲಿ ಆ ಪತ್ರವು ಪಾಪವನ್ನು ಕ್ಷಮಿಸುವ ಪತ್ರವಲ್ಲ. ಪಶ್ಚಾತ್ತಾಪ ಪಟ್ಟು ಪಾಪನಿವೇದನೆ ಮಾಡಿದವನಿಗೆ ಕ್ಷಮೆ ದೊರೆತ ಬಳಿಕವೂ ಒಂದಷ್ಟು ತಾತ್ಕಾಲಿಕ ಶಿಕ್ಷೆ ಉಳಿದಿರುತ್ತದೆ, ಅದನ್ನು ಇಲ್ಲಿ ಅಥವಾ ಮರಣಾನಂತರದ ಶುದ್ಧೀಕರಣ ಸ್ಥಿತಿಯಲ್ಲಿ ತೀರಿಸಬೇಕು, ಸಭೆಯು ಆ ಶಿಕ್ಷೆಯಲ್ಲಿ ವಿನಾಯಿತಿ ನೀಡಬಲ್ಲದು ಎಂಬುದು ಅವರ ವಾದ. ಸಂತೆಯಲ್ಲಿ ನಿಂತ ಮಾರಾಟಗಾರನು ಈ ಸೂಕ್ಷ್ಮವನ್ನು ಉಳಿಸಲಿಲ್ಲ ಎಂಬುದು ನಿಜ. ಆದರೆ ಅವನ ಅಬ್ಬರವನ್ನೇ ಸಿದ್ಧಾಂತವೆಂದು ಹೇಳುವುದು ಸರಿಯಲ್ಲ. 1567ರಲ್ಲಿ ಐದನೆಯ ಪಿಯುಸ್ ಎಂಬ ಪೋಪರೇ ಹಣಕ್ಕೆ ತಳುಕು ಹಾಕಿದ ವಿನಾಯಿತಿಗಳನ್ನು ರದ್ದುಪಡಿಸಿದರು. ಇದನ್ನು ಹೇಳದೆ ಮೊದಲ ಅರ್ಧವನ್ನಷ್ಟೇ ಹೇಳುವುದು ಸಾಕ್ಷ್ಯವನ್ನು ಬಚ್ಚಿಟ್ಟಂತೆ.

ಹಣದ ವ್ಯವಹಾರವು ಜಗಳದ ಹೊರಸಿಪ್ಪೆ. ಒಳಗಿದ್ದ ತಿರುಳು ಬೇರೆ: ಪಾಪಿಯಾದ ಮನುಷ್ಯನು ದೇವರ ಮುಂದೆ ನೀತಿವಂತನಾಗುವುದು ಹೇಗೆ?

ಲೂಥರನ ಉತ್ತರವನ್ನು ನ್ಯಾಯಾಲಯಕ್ಕೆ ಹೋಲಿಸಬಹುದು. ಅಪರಾಧಿಯು ಅಪರಾಧಿಯೇ. ಆದರೆ ಕ್ರಿಸ್ತನ ನೀತಿಯನ್ನು ಅವನ ಲೆಕ್ಕಕ್ಕೆ ಬರೆದು ನ್ಯಾಯಾಧೀಶನು ಬಿಡುಗಡೆಯ ತೀರ್ಪು ನೀಡುತ್ತಾನೆ. ಅದನ್ನು ನಂಬಿಕೆಯಿಂದ ಸ್ವೀಕರಿಸುವುದಷ್ಟೇ ಮನುಷ್ಯನ ಪಾಲು. ಕ್ಯಾಥೊಲಿಕರ ಉತ್ತರವು ಆಸ್ಪತ್ರೆಯನ್ನು ಹೋಲುತ್ತದೆ. ದೇವಕೃಪೆಯು ರೋಗಿಯ ಒಳಗೆ ಇಳಿದು ಅವನನ್ನು ನಿಜವಾಗಿಯೂ ಗುಣಪಡಿಸುತ್ತದೆ. ರೋಗಿಯೂ ಸಹಕರಿಸಬೇಕು, ಔಷಧ ಉಗುಳಿದರೆ ಗುಣವಾಗದು. ತೀರ್ಪು ಒಂದು ಕ್ಷಣದ್ದು, ಚಿಕಿತ್ಸೆ ಬದುಕಿನುದ್ದದ್ದು. ಅವರ ಆರಾಧನೆ, ಸಂಸ್ಕಾರಗಳು, ಪಾದ್ರಿಯ ಸ್ಥಾನ, ಸತ್ತವರಿಗಾಗಿ ಮಾಡುವ ಪ್ರಾರ್ಥನೆ ಇವುಗಳಲ್ಲಿನ ಅನೇಕ ಭಿನ್ನತೆಗಳು ಇಲ್ಲಿಂದಲೇ ಕವಲೊಡೆಯುತ್ತವೆ.

ಮೂಲಪಾಪದ ವಿಷಯದಲ್ಲಿಯೂ ಹೀಗೆಯೇ. ‘ಮಗು ಪಾಪಿಯಾಗಿ ಹುಟ್ಟುತ್ತದೆಂದು ಕ್ರೈಸ್ತರು ನಂಬುತ್ತಾರೆ’ ಎಂದು ನಾವು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತೇವೆ. ದೀಕ್ಷಾಸ್ನಾನದಿಂದ ಮೂಲಪಾಪವು ನಿಜವಾಗಿ ಅಳಿಯುತ್ತದೆ, ಆಮೇಲೆ ಉಳಿಯುವುದು ಪಾಪದತ್ತ ಎಳೆಯುವ ಒಲವು ಮಾತ್ರ, ಒಲವು ತಾನೇ ಪಾಪವಲ್ಲ ಎಂದು ಕ್ಯಾಥೊಲಿಕರ ಟ್ರೆಂಟ್ ಮಹಾಸಭೆಯು 1546ರಲ್ಲಿ ನಿರ್ಣಯಿಸಿತು. ಆ ಒಲವೂ ಪಾಪವೇ, ದೇವರು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಅಷ್ಟೇ ಎಂಬುದು ಲೂಥರನ ನಿಲುವು. ಹಾಗಾಗಿಯೇ ಅವನ ದೃಷ್ಟಿಯಲ್ಲಿ ವಿಶ್ವಾಸಿಯು ಏಕಕಾಲಕ್ಕೆ ನೀತಿವಂತನೂ ಹೌದು, ಪಾಪಿಯೂ ಹೌದು. ಆದಮ್(ಅ)ರ ಪಶ್ಚಾತ್ತಾಪವನ್ನು ಅಲ್ಲಾಹನು ಸ್ವೀಕರಿಸಿದನು, ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲ ಎಂದು ನಂಬುವ ನಮಗೆ ಈ ಎರಡೂ ಒಪ್ಪಿತವಲ್ಲ. ಆದರೆ ಮನದಲ್ಲಿ ಸುಳಿಯುವ ದುರ್ವಿಚಾರಕ್ಕೂ ಎಸಗಿದ ಕೃತ್ಯಕ್ಕೂ ನಡುವಿನ ಗೆರೆ ಎಲ್ಲಿದೆ ಎಂಬ ಪ್ರಶ್ನೆಯನ್ನು ನಮ್ಮ ಫುಕಹಾಗಳೂ ಚರ್ಚಿಸಿದ್ದಾರಲ್ಲವೇ? ಆ ಗೆರೆಯ ವಿಷಯದಲ್ಲಿ ಕ್ಯಾಥೊಲಿಕನು ನಮಗೆ ಪ್ರೊಟೆಸ್ಟಂಟನಿಗಿಂತ ತುಸು ಹತ್ತಿರದಲ್ಲಿದ್ದಾನೆ.

ಇನ್ನು ‘ಕ್ಯಾಥೊಲಿಕರು ಕರ್ಮದಿಂದ ಮೋಕ್ಷ ಎನ್ನುತ್ತಾರೆ’ ಎಂಬ ಮಾತು. ಟ್ರೆಂಟ್ ಮಹಾಸಭೆಯು 1547ರ ಜನವರಿಯಲ್ಲಿ ಈ ವಿಷಯವಾಗಿ 33 ಖಂಡನಾಸೂತ್ರಗಳನ್ನು ಹೊರಡಿಸಿತು. ‘ನಂಬಿಕೆಯೊಂದೇ ಸಾಕು, ಬೇರೆ ಸಹಕಾರ ಬೇಡ’ ಎನ್ನುವವರನ್ನು ಅದು ಬಹಿಷ್ಕರಿಸಿದ್ದು ಎಲ್ಲರಿಗೂ ನೆನಪಿದೆ. ಆದರೆ ಮೊಟ್ಟಮೊದಲ ಸೂತ್ರ ಬಹಿಷ್ಕರಿಸಿದ್ದು ಯಾರನ್ನು? ಕ್ರಿಸ್ತನ ಮೂಲಕ ಬರುವ ದೇವಕೃಪೆಯಿಲ್ಲದೆ ಮನುಷ್ಯನು ತನ್ನ ಕರ್ಮಬಲದಿಂದಲೇ ನೀತಿವಂತನಾಗಬಹುದು ಎನ್ನುವವರನ್ನು! ಇತ್ತ ಪ್ರೊಟೆಸ್ಟಂಟರು ಕರ್ಮವನ್ನು ಕಸದ ಬುಟ್ಟಿಗೆ ಎಸೆದವರೂ ಅಲ್ಲ. ಒಳ್ಳೆಯ ಮರವು ತಾನಾಗಿ ಹಣ್ಣು ಕೊಡುವಂತೆ ನಿಜವಾದ ನಂಬಿಕೆಯಿಂದ ಸತ್ಕ್ರಿಯೆ ಹೊಮ್ಮಿಯೇ ತೀರುತ್ತದೆ, ಆದರೆ ಹಣ್ಣು ಮರದ ಬೇರಲ್ಲ ಎಂಬುದು ಅವರ ವಾದ.

ಇದನ್ನು ಓದುವಾಗ ಮದ್ರಸದ ಅಖೀದಾ ತರಗತಿ ನೆನಪಾಗದಿರದು. ಈಮಾನ್ ಇದ್ದರೆ ಪಾಪವು ಹಾನಿ ಮಾಡದೆಂದ ಅತಿರೇಕದ ಮುರ್ಜಿಅಗಳು ಒಂದೆಡೆ, ಮಹಾಪಾಪ ಎಸಗಿದವನು ಕಾಫಿರನೇ ಆದನೆಂದ ಖವಾರಿಜರು ಇನ್ನೊಂದೆಡೆ. ಇವರ ನಡುವೆ ಅಹ್ಲುಸ್ಸುನ್ನಃ ತನ್ನ ದಾರಿಯನ್ನು ಎಷ್ಟು ಎಚ್ಚರದಿಂದ ಹಿಡಿಯಿತು! ಕರ್ಮಗಳಿಂದ ಮಾತ್ರವೇ ಯಾರೂ ಸ್ವರ್ಗ ಪ್ರವೇಶಿಸಲಾರರು, ಅಲ್ಲಾಹನ ಕಾರುಣ್ಯ ಆವರಿಸದಿದ್ದರೆ ತಾವೂ ಸಹ ಪ್ರವೇಶಿಸಲಾರೆವು ಎಂಬ ಅರ್ಥದ ಪ್ರವಾದಿ(ಸ)ಯವರ ವಚನ ಬುಖಾರಿಯಲ್ಲಿದೆ. ಹಾಗೆಂದು ನಾವು ನಮಾಝ್ ಬಿಟ್ಟೆವೇ? ನಮ್ಮ ಈ ವಚನವೊಂದನ್ನೇ ಎತ್ತಿಕೊಂಡು ಯಾರಾದರೂ ‘ಮುಸ್ಲಿಮರಿಗೆ ಕರ್ಮ ಬೇಕಿಲ್ಲ’ ಎಂದರೆ ನಮಗೆ ಹೇಗನಿಸುತ್ತದೋ, ನಾವು ಹಾಗೆಂದಾಗ ಪ್ರೊಟೆಸ್ಟಂಟನಿಗೂ ಹಾಗೆಯೇ ಅನಿಸುತ್ತದೆ.

ಧರ್ಮಗ್ರಂಥವನ್ನು ಅರ್ಥೈಸುವ ಅಧಿಕಾರ ಯಾರದು ಎಂಬುದು ಮೂರನೆಯ, ನಮ್ಮ ದೃಷ್ಟಿಯಲ್ಲಿ ಅತ್ಯಂತ ಆಳವಾದ, ಬಿರುಕು. 1521ರಲ್ಲಿ ವೋರ್ಮ್ಸ್ ನಗರದಲ್ಲಿ ಚಕ್ರವರ್ತಿಯ ಮುಂದೆ ನಿಂತ ಲೂಥರನು, ಪೋಪರೂ ಮಹಾಸಭೆಗಳೂ ತಪ್ಪಿದ್ದುಂಟು, ಗ್ರಂಥದ ಆಧಾರದಿಂದಲೋ ಸ್ಪಷ್ಟ ತರ್ಕದಿಂದಲೋ ಮನವೊಲಿಸದ ಹೊರತು ತನ್ನ ಮಾತನ್ನು ಹಿಂತೆಗೆಯಲಾರೆ ಎಂದನು. ಇದಕ್ಕೆ 1546ರಲ್ಲಿ ಟ್ರೆಂಟ್ ಕೊಟ್ಟ ಉತ್ತರ: ಲಿಖಿತ ಗ್ರಂಥವನ್ನೂ ಪ್ರೇಷಿತರಿಂದ ಬಂದ ಪರಂಪರೆಯನ್ನೂ ಸಮಾನ ಭಕ್ತಿಯಿಂದ ಸ್ವೀಕರಿಸಬೇಕು, ಸಭೆಯು ಹಿಡಿದು ಬಂದ ಅರ್ಥಕ್ಕೆ ವಿರುದ್ಧವಾಗಿ ಯಾರೂ ಸ್ವಬುದ್ಧಿಯಿಂದ ಅರ್ಥ ಹೇಳಬಾರದು.

ಗ್ರಂಥದ ಪುಟಗಳಲ್ಲಿಯೇ ಒಮ್ಮತವಿಲ್ಲ. ಕ್ಯಾಥೊಲಿಕರ ಬೈಬಲಿನಲ್ಲಿ 73 ಪುಸ್ತಕಗಳು, ಪ್ರೊಟೆಸ್ಟಂಟರದ್ದರಲ್ಲಿ 66. ಆ ಏಳರಲ್ಲಿ ಒಂದಾದ ಮಕ್ಕಬಿಯರ ಎರಡನೆಯ ಗ್ರಂಥದಲ್ಲಿ ಸತ್ತವರಿಗಾಗಿ ಪ್ರಾರ್ಥಿಸಿದ ಪ್ರಸಂಗವಿದೆ. ಶುದ್ಧೀಕರಣ ಸ್ಥಿತಿಯ ವಾದಕ್ಕೆ ಒಬ್ಬರಿಗೆ ಆಧಾರವಿದೆ, ಇನ್ನೊಬ್ಬರಿಗೆ ಆ ಪುಸ್ತಕವೇ ಪ್ರಮಾಣವಲ್ಲ. ಅನುವಾದದಲ್ಲಿಯೂ ಕದನ. 1522ರ ತನ್ನ ಜರ್ಮನ್ ಅನುವಾದದಲ್ಲಿ, ರೋಮನ್ನರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯದಲ್ಲಿ ನಂಬಿಕೆಯ ಕುರಿತ ಮಾತಿಗೆ ಲೂಥರನು ‘ಮಾತ್ರ’ ಎಂಬ ಒಂದು ಪದ ಸೇರಿಸಿದನು. ಗ್ರೀಕ್ ಮೂಲದಲ್ಲಿ ಆ ಪದವಿಲ್ಲವೆಂದು ಕ್ಯಾಥೊಲಿಕರು ಹರಿಹಾಯ್ದರು. ಜರ್ಮನ್ ಭಾಷೆಯ ಜಾಯಮಾನ ಅದನ್ನು ಬೇಡುತ್ತದೆ, ವಾಕ್ಯದ ಅರ್ಥವೂ ಅದೇ ಎಂದು 1530ರಲ್ಲಿ ಅವನು ಸಮರ್ಥಿಸಿಕೊಂಡನು. ಇತ್ತ ಯಾಕೋಬನ ಪತ್ರವಂತೂ ನಂಬಿಕೆ ಮಾತ್ರದಿಂದಲ್ಲ ಎಂದೇ ಹೇಳುತ್ತದೆ. ಲೂಥರನಿಗೆ ಆ ಪತ್ರದ ಮೇಲೆ ಅಷ್ಟಾಗಿ ಒಲವಿರಲಿಲ್ಲ. ಕುರ್‌ಆನಿನ ಕನ್ನಡ ಅನುವಾದಗಳಲ್ಲಿ ಆವರಣದೊಳಗಿನ ಒಂದು ಪದಕ್ಕಾಗಿ ಎಷ್ಟು ವಾಗ್ವಾದ ನಡೆಯುತ್ತದೆಂದು ಬಲ್ಲ ನಮಗೆ ಈ ಕಥೆ ತೀರಾ ಅಪರಿಚಿತವೇನಲ್ಲ.

‘ಗ್ರಂಥ ಮಾತ್ರ’ ಎಂದವರಾದರೂ ಒಂದಾಗಿದ್ದರೇ? 1529ರ ಅಕ್ಟೋಬರ್ ಆರಂಭದಲ್ಲಿ, ಸುಲ್ತಾನ್ ಸುಲೈಮಾನರ ಸೇನೆ ವಿಯೆನ್ನಾ ನಗರವನ್ನು ಮುತ್ತಿದ್ದ ದಿನಗಳಲ್ಲಿ, ಲೂಥರನೂ ಸ್ವಿಟ್ಜರ್ಲೆಂಡಿನ ಝ್ವಿಂಗ್ಲಿಯೂ ಮಾರ್ಬರ್ಗ್ ಕೋಟೆಯಲ್ಲಿ ಮುಖಾಮುಖಿಯಾದರು. 15 ಅಂಶಗಳಲ್ಲಿ 14ನ್ನು ಒಪ್ಪಿಕೊಂಡರು. ಕೊನೆಯದರಲ್ಲಿ, ರೊಟ್ಟಿಯನ್ನು ತೋರಿಸಿ ಕ್ರಿಸ್ತನು ‘ಇದು ನನ್ನ ಶರೀರ’ ಎಂದದ್ದು ಅಕ್ಷರಾರ್ಥವೋ ರೂಪಕವೋ ಎಂಬಲ್ಲಿ ಮುರಿದುಬಿತ್ತು. ಲೂಥರನು ಮೇಜಿನ ಮೇಲೆ ಸೀಮೆಸುಣ್ಣದಿಂದ ಆ ಪದಗಳನ್ನು ಬರೆದಿಟ್ಟುಕೊಂಡು ಅಲುಗಾಡದೆ ಕುಳಿತನಂತೆ. ಗ್ರಂಥ ಒಂದೇ, ನಿಷ್ಠೆ ಒಂದೇ, ಓದು ಎರಡು. ಇದನ್ನು ಕಂಡು ನಗುವ ಮೊದಲು, ‘ಕುರ್‌ಆನ್ ಮತ್ತು ಹದೀಸ್ ಮಾತ್ರ’ ಎನ್ನುವವರೂ ಮದ್ಹಬ್ ಅನುಸರಿಸುವವರೂ ನಮ್ಮ ಮಸೀದಿಗಳಲ್ಲಿ ನಡೆಸುವ ಜಗಳವನ್ನು ಒಮ್ಮೆ ನೆನೆಯುವುದು ಲೇಸು. ಹೋಲಿಕೆ ಪೂರ್ಣವಲ್ಲ ನಿಜ. ನಮ್ಮಲ್ಲಿ ಪೋಪರಿಲ್ಲ, ಇಜ್ಮಾಅ್ ಮತ್ತು ಮಹಾಸಭೆ ಒಂದೇ ಅಲ್ಲ. ಆದರೂ ವ್ಯಾಖ್ಯಾನದ ಪರಂಪರೆಯನ್ನು ಪೂರ್ತಿ ಬಿಟ್ಟವನು ತನ್ನದೇ ಒಂದು ಪರಂಪರೆ ಕಟ್ಟುತ್ತಾನೆ ಎಂಬುದನ್ನು ನಾವೂ ಬಲ್ಲೆವು.

ಈ ವ್ಯತ್ಯಾಸ ತಿಳಿಯದಿದ್ದರೆ ದಅ್‌ವತ್ ಕೂಡ ಗುರಿ ತಪ್ಪುತ್ತದೆ. 1854ರಲ್ಲಿ ಆಗ್ರಾದಲ್ಲಿ ಮೌಲಾನಾ ರಹ್ಮತುಲ್ಲಾಹ್ ಕೈರಾನವಿಯವರು ಪಾದ್ರಿ ಫಾಂಡರರನ್ನು ಎದುರಿಸಿದಾಗ ಬೈಬಲಿನ ಪಾಠ ಬದಲಾಗಿದೆಯೇ ಎಂಬುದು ಚರ್ಚೆಯ ಕೇಂದ್ರವಾಯಿತು. ಮೌಲಾನಾರು ಯುರೋಪಿನ ವಿದ್ವಾಂಸರ ಬೈಬಲ್ ವಿಮರ್ಶೆಯನ್ನೇ ಮುಂದಿಟ್ಟರು. ಗ್ರಂಥವೊಂದನ್ನೇ ಬುನಾದಿಯಾಗಿ ಹಿಡಿದ ಪ್ರೊಟೆಸ್ಟಂಟನಿಗೆ ಆ ಏಟು ನೇರವಾಗಿ ತಾಗಿತು. ಎದುರಿಗೆ ಕ್ಯಾಥೊಲಿಕ್ ವಿದ್ವಾಂಸನಿದ್ದಿದ್ದರೆ ಅವನು ಸಭೆಯ ಪರಂಪರೆಯ ಆಸರೆ ಪಡೆಯುತ್ತಿದ್ದ, ವಾದ ಬೇರೆ ದಿಕ್ಕು ಹಿಡಿಯುತ್ತಿತ್ತು. ಮೌಲಾನಾರು ಎದುರಾಳಿಯನ್ನು ಓದಿ ಬಂದಿದ್ದರು. ಇಂದು ಅವರ ಹೆಸರು ಹೇಳುವವರು ಅವರ ಆ ಓದನ್ನು ಮಾಡುತ್ತಿದ್ದಾರೆಯೇ?

ಇಸ್ಲಾಮನ್ನು ಕಟುವಾಗಿ ನಿಂದಿಸಿದ ಲೂಥರನಿಗೂ ಈ ಮರ್ಮ ತಿಳಿದಿತ್ತು. 1542ರಲ್ಲಿ ಬಾಸೆಲ್ ನಗರಸಭೆಯು ಲ್ಯಾಟಿನ್ ಕುರ್‌ಆನಿನ ಮುದ್ರಣವನ್ನು ತಡೆದಾಗ ಅದನ್ನು ಪ್ರಕಟಿಸಲು ಬಿಡಿ ಎಂದು ಪತ್ರ ಬರೆದವರಲ್ಲಿ ಅವನೂ ಒಬ್ಬ. 1543ರಲ್ಲಿ ಅದು ಹೊರಬಂತು. ಅವನ ಉದ್ದೇಶ ಖಂಡನೆಯೇ ಆಗಿತ್ತು. ಆದರೂ ಖಂಡಿಸುವ ಮೊದಲು ಗ್ರಂಥ ಕೈಯಲ್ಲಿರಲಿ ಎಂದನು. ಆ ಬಾಸೆಲ್ ನಗರದ ಮಿಷನ್ನಿನವರೇ 1834ರಲ್ಲಿ ಮಂಗಳೂರಿಗೆ ಬಂದದ್ದು; ಸರಿಯಾಗಿ ಮುನ್ನೂರು ವರ್ಷಗಳ ಬಳಿಕ, 1843ರಲ್ಲಿ, ‘ಮಂಗಳೂರ ಸಮಾಚಾರ’ ಹೊರಟದ್ದು. ಅದೇ ಮಿಷನ್ನಿನ ಕಿಟೆಲ್ ಅವರ 1894ರ ನಿಘಂಟು ಕನ್ನಡ ಓದಿದ ನಮ್ಮಂಥವರ ಮೇಜಿನ ಮೇಲೆ ಇಂದಿಗೂ ಇದೆ. ಆ ಪಾದ್ರಿಗಳು ಬರುವುದಕ್ಕೆ ಬಹಳ ಮೊದಲಿನಿಂದಲೂ ಕರಾವಳಿಯಲ್ಲಿ ಕೊಂಕಣಿ ಮಾತನಾಡುವ ಕ್ಯಾಥೊಲಿಕರಿದ್ದರು. ಇಬ್ಬರೂ ನಮ್ಮ ನೆರೆಹೊರೆಯವರೇ. ಒಬ್ಬರಿಗೆ ಫಾದರ್, ಇನ್ನೊಬ್ಬರಿಗೆ ಸಭಾಪಾಲಕರು. ನಮ್ಮ ಮಕ್ಕಳು ಇಬ್ಬರ ಮಕ್ಕಳೊಂದಿಗೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಪ್ರೊಟೆಸ್ಟಂಟ್ ಸಹಪಾಠಿಯ ಬಳಿ ‘ನೀವು ಪೋಪರ ಮಾತು ಕೇಳುವವರು’ ಎಂದು ವಾದಕ್ಕಿಳಿದ ಹುಡುಗನ ಉಳಿದ ಮಾತನ್ನು ಆ ಗೆಳೆಯನು ಯಾಕೆ ಗಂಭೀರವಾಗಿ ತೆಗೆದುಕೊಳ್ಳಬೇಕು?

ಇವರ ಕಲಹಕ್ಕಾಗಿ ಯುರೋಪ್ ತೆತ್ತ ರಕ್ತದ ಲೆಕ್ಕವನ್ನು ಇಲ್ಲಿ ತೆರೆಯುವುದಿಲ್ಲ. 1618ರಿಂದ 1648ರ ತನಕ ನಡೆದ ಮೂವತ್ತು ವರ್ಷಗಳ ಯುದ್ಧದಲ್ಲಿ ರಾಜಕೀಯದೊಂದಿಗೆ ಅದೂ ಬೆರೆತಿತ್ತು ಎಂದರೆ ಸಾಕು. ಆದರೆ 1999ರ ಅಕ್ಟೋಬರ್ 31ರಂದು, ಲೂಥರನು ತನ್ನ ಸೂತ್ರಗಳನ್ನು ಕಳುಹಿಸಿದ ದಿನದಂದೇ, ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಕ್ಯಾಥೊಲಿಕ್ ಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ ನೀತೀಕರಣದ ಕುರಿತ ಜಂಟಿ ಘೋಷಣೆಗೆ ಸಹಿ ಹಾಕಿದವು. ಈ ಘೋಷಣೆಯಲ್ಲಿ ವಿವರಿಸಿರುವ ಪರಸ್ಪರರ ಬೋಧನೆಗೆ 16ನೆಯ ಶತಮಾನದ ಬಹಿಷ್ಕಾರಗಳು ಅನ್ವಯಿಸುವುದಿಲ್ಲ ಎಂಬುದು ಅದರ ಸಾರ. 2006ರಲ್ಲಿ ಮೆಥೊಡಿಸ್ಟರೂ ಅದಕ್ಕೆ ಸೇರಿದರು. ಪೋಪರ ಅಧಿಕಾರ, ಪುಸ್ತಕಗಳ ಸಂಖ್ಯೆ, ರೊಟ್ಟಿಯ ಪ್ರಶ್ನೆ ಹಾಗೆಯೇ ಉಳಿದಿವೆ. ದಶಕಗಳ ಕಾಲ ಕುಳಿತು ಅವರು ಮಾಡಿದ್ದು ಹೆಚ್ಚೇನಲ್ಲ: ನೀವು ‘ನಂಬಿಕೆ’ ಎಂದಾಗ ಏನು ಅರ್ಥ, ನಾವು ‘ಕೃಪೆ’ ಎಂದಾಗ ಏನು ಅರ್ಥ ಎಂದು ಒಬ್ಬರನ್ನೊಬ್ಬರು ಕೇಳಿದರು.

ನಮ್ಮ ಮದ್ರಸಗಳ ಮೇಲಿನ ತರಗತಿಗಳಲ್ಲಿ ಇತರ ಧರ್ಮಗಳ ಪಾಠ ಇದ್ದರೆ ಅಲ್ಲಿ ಎರಡೂ ಕನ್ನಡ ಬೈಬಲುಗಳು ಇರಲಿ: ಪ್ರೊಟೆಸ್ಟಂಟರು ಓದುವ 66 ಪುಸ್ತಕಗಳ ‘ಸತ್ಯವೇದ’, ಕ್ಯಾಥೊಲಿಕರು ಓದುವ 73 ಪುಸ್ತಕಗಳ ‘ಪವಿತ್ರ ಬೈಬಲ್’. ವಿದ್ಯಾರ್ಥಿಯು ‘ಕ್ರೈಸ್ತರ ಪ್ರಕಾರ’ ಎಂದು ಬರೆದ ಕಡೆಯಲ್ಲೆಲ್ಲ ಉಸ್ತಾದರು ಕೆಂಪು ಶಾಯಿಯಲ್ಲಿ ‘ಯಾರ ಪ್ರಕಾರ?’ ಎಂದು ಬರೆಯಲಿ.