ಒಂಟಿತನ ಯಾರ ಸೃಷ್ಟಿ?

ಮನುಷ್ಯನ ಒಂಟಿತನವನ್ನು ಕುರಿತ ಪುಸ್ತಕಗಳನ್ನು ಪಂಡಿತರು ಮೆಚ್ಚಿಕೊಳ್ಳುವ ರೀತಿಯೊಂದಿದೆ. ಹುಟ್ಟುವಾಗ ಒಬ್ಬನೇ, ಸಾಯುವಾಗ ಒಬ್ಬನೇ, ನಡುವೆ ಯಾರು ಏನು ಮಾಡಿದರೂ ಈ ಹಣೆಬರಹ ತಪ್ಪದು ಎಂದು ನಿಟ್ಟುಸಿರು ಬಿಟ್ಟು ಅವರು ಪುಸ್ತಕವನ್ನು ಮಡಿಚಿಡುತ್ತಾರೆ. ಅಮೆರಿಕದ ಲೇಖಕಿ ಕಾರ್ಸನ್ ಮೆಕ್ಕಲರ್ಸ್ 1940ರಲ್ಲಿ ಪ್ರಕಟಿಸಿದ ‘ದಿ ಹಾರ್ಟ್ ಈಸ್ ಎ ಲೋನ್ಲಿ ಹಂಟರ್’ ಕಾದಂಬರಿಗೂ ಇದೇ ಗತಿ ಬಂದಿದೆ. ಹೃದಯವು ಒಂಟಿ ಬೇಟೆಗಾರ ಎಂದು ಆ ಹೆಸರಿನ ಅರ್ಥ. ಹೆಸರು ನೋಡಿಯೇ ತೀರ್ಪು ಕೊಡುವವರಿಗೆ ಅಷ್ಟು ಸಾಕು, ನಮಗೆ ಸಾಲದು. ಈ ಕಾದಂಬರಿಯ ಒಂಟಿತನಕ್ಕೆ ಒಂದು ಊರಿದೆ, ಒಂದು ಕೂಲಿಯಿದೆ, ಒಂದು ಬಣ್ಣವಿದೆ. ಅದರಲ್ಲಿ ಬಹುಪಾಲು ಮನುಷ್ಯರೇ ಮಾಡಿಟ್ಟದ್ದು ಎಂಬುದು ನಮ್ಮ ವಾದ.

ಮೆಕ್ಕಲರ್ಸ್ ಹುಟ್ಟಿದ್ದು 1917ರಲ್ಲಿ, ಜಾರ್ಜಿಯಾ ರಾಜ್ಯದ ಕೊಲಂಬಸ್ ಎಂಬ ಹತ್ತಿಗಿರಣಿಗಳ ಊರಿನಲ್ಲಿ. ಪುಸ್ತಕ ಹೊರಬಂದಾಗ ಆಕೆಗೆ ಕೇವಲ 23 ವರ್ಷ. ಕಾದಂಬರಿಯ ಊರಿಗೆ ಹೆಸರಿಲ್ಲ. ಆದರೆ ಅದೂ ಅಮೆರಿಕದ ದಕ್ಷಿಣ ಭಾಗದ ಗಿರಣಿ ಊರೇ. ಅಲ್ಲಿ ಎಲ್ಲಕ್ಕಿಂತ ದೊಡ್ಡ ಕಟ್ಟಡಗಳು ಗಿರಣಿಗಳು. ಗಿರಣಿಗಳು ಚೆನ್ನಾಗಿ ನಡೆಯುತ್ತವೆ, ಅವುಗಳಲ್ಲಿ ದುಡಿಯುವವರು ಮಾತ್ರ ಬಡವರು. ಬೀದಿಯಲ್ಲಿ ಎದುರಾಗುವ ಮುಖಗಳಲ್ಲಿ ಹಸಿವೂ ಒಂಟಿತನವೂ ಒಟ್ಟಿಗೇ ಕಾಣುತ್ತವೆ ಎಂದು ಲೇಖಕಿ ಮೊದಲ ಪುಟಗಳಲ್ಲೇ ತೋರಿಸುತ್ತಾಳೆ. ಇವೆರಡನ್ನೂ ಆಕೆ ಬೇರ್ಪಡಿಸಲಿಲ್ಲ. ಬೇರ್ಪಡಿಸಿದವರು ವಿಮರ್ಶಕರು.

ಆ ಊರಿನಲ್ಲಿ ಸಿಂಗರ್ ಎಂಬ ಕಿವುಡ ಮೂಕನಿದ್ದಾನೆ. ಆಭರಣದಂಗಡಿಯಲ್ಲಿ ಬೆಳ್ಳಿಯ ಮೇಲೆ ಅಕ್ಷರ ಕೆತ್ತುವುದು ಅವನ ಕಸಬು. ತುಟಿಯ ಚಲನೆ ನೋಡಿ ಮಾತನ್ನು ತಿಳಿಯಬಲ್ಲ. ಅವನ ಬಾಡಿಗೆ ಕೋಣೆಗೆ ನಾಲ್ವರು ಬಂದು ತಮ್ಮ ಒಡಲಿನ ಮಾತನ್ನೆಲ್ಲ ಸುರಿಯುತ್ತಾರೆ. ಜೇಕ್ ಬ್ಲೌಂಟ್ ಕಾರ್ಮಿಕರನ್ನು ಎಬ್ಬಿಸಬೇಕೆಂದು ಊರೂರು ಅಲೆಯುವ ಕುಡುಕ. ಕೋಪ್‌ಲ್ಯಾಂಡ್ ಕ್ಷಯರೋಗದಿಂದ ಕೆಮ್ಮುತ್ತಲೇ ತನ್ನ ಜನರಿಗೆ ಔಷಧ ಕೊಡುವ ಕರಿಯ ವೈದ್ಯ; ಒಬ್ಬ ಮಗನಿಗೆ ಕಾರ್ಲ್ ಮಾರ್ಕ್ಸ್ ಎಂದು ಹೆಸರಿಟ್ಟವನು. ಮಿಕ್ ಕೆಲಿ ಸಂಗೀತದ ಹುಚ್ಚಿನ ಹುಡುಗಿ. ಮನೆಯಲ್ಲಿ ರೇಡಿಯೋಗೆ ಗತಿಯಿಲ್ಲದೆ ಕತ್ತಲಲ್ಲಿ ಸಿರಿವಂತರ ಕಿಟಕಿಯ ಹೊರಗೆ ಕೂತು ಕೇಳುವವಳು. ಬಿಫ್ ಬ್ರಾನನ್ ರಾತ್ರಿಯಿಡೀ ತೆರೆದಿರುವ ಊಟದಂಗಡಿಯ ಮಾಲಿಕ.

ಒಂದು ದಿನ ಈ ನಾಲ್ವರೂ ಆಕಸ್ಮಿಕವಾಗಿ ಏಕಕಾಲಕ್ಕೆ ಆ ಕೋಣೆಯಲ್ಲಿ ಸೇರುತ್ತಾರೆ. ಏನಾಯಿತು? ಒಬ್ಬರ ಸಂಗಡ ಒಬ್ಬರು ಮಾತಾಡಲಿಲ್ಲ. ಮಾತು ಬಂದರೂ ಅದು ಸಿಂಗರನ ಕಡೆಗೇ. ಬಾಯಿದ್ದವರ ನಡುವೆ ಮಾತಿಲ್ಲ, ಬಾಯಿಲ್ಲದವನೇ ಎಲ್ಲರಿಗೂ ನೆಂಟ! ಊರಿನ ಜನವೂ ಹೀಗೆಯೇ. ಅವನು ಯೆಹೂದಿ ಎಂದು ಯೆಹೂದಿಗಳೂ, ಭಾರಿ ಆಸ್ತಿವಂತ ಎಂದು ವ್ಯಾಪಾರಿಗಳೂ, ಕಾರ್ಮಿಕ ಸಂಘಟಕ ಎಂದು ಗಿರಣಿ ಸಂಘದವರೂ ನಂಬಿದ್ದಾರೆ. ಸುಮ್ಮನಿರುವವನಲ್ಲಿ ತಮ್ಮ ಮುಖವನ್ನೇ ಕಾಣುವುದು ಸುಲಭ. ಸಿಂಗರನಿಗೋ ತನ್ನದೇ ಅಳಲು. ಹುಚ್ಚಾಸ್ಪತ್ರೆ ಸೇರಿದ ಮೂಕ ಗೆಳೆಯನೊಬ್ಬನ ಹೊರತು ಅವನಿಗೆ ಇನ್ನಾರೂ ಇಲ್ಲ. ಆ ಗೆಳೆಯ ಸತ್ತನೆಂದು ತಿಳಿದಾಗ ಸಿಂಗರ್ ಗುಂಡು ಹಾರಿಸಿಕೊಂಡು ಸಾಯುತ್ತಾನೆ. ಏಕೆಂದು ನಾಲ್ವರಲ್ಲಿ ಒಬ್ಬರಿಗೂ ಅರ್ಥವಾಗುವುದಿಲ್ಲ. ಅವನ ಕಷ್ಟವನ್ನು ಅವರು ಎಂದೂ ವಿಚಾರಿಸಿರಲಿಲ್ಲ.

ಈ ಜನ ಒಬ್ಬರಿಗೊಬ್ಬರು ಏಕೆ ಮಾತಾಡಲಾರರು? ಹಣೆಬರಹವೆನ್ನುವವರು ಆ ಕಾಲದ ಜಾರ್ಜಿಯಾವನ್ನು ಸ್ವಲ್ಪ ನೋಡಲಿ. ದಕ್ಷಿಣದ ಹತ್ತಿಗಿರಣಿಗಳಲ್ಲಿ ಮಗ್ಗ ಮತ್ತು ಕದಿರಿನ ಕೆಲಸ ಬಿಳಿಯರಿಗೆ ಮೀಸಲು. ಕರಿಯರಿಗೆ ಅಂಗಳ ಗುಡಿಸುವುದು, ಹತ್ತಿ ಅಂಡಿಗೆ ಒಡೆಯುವುದು, ಹೊರೆ ಹೊರುವುದು. ಈ ಗೋಡೆ ಬಲವಾಗಿ ಅಲುಗಾಡಿದ್ದು 1964ರ ನಾಗರಿಕ ಹಕ್ಕುಗಳ ಕಾನೂನಿನ ತರುವಾಯವೇ. ಬಿಳಿಯ ಕಾರ್ಮಿಕನಿಗೆ ಸಿಕ್ಕಿದ್ದು ಕಡಿಮೆ ಕೂಲಿ, ಜೊತೆಗೆ ತಾನು ಕರಿಯನಿಗಿಂತ ಮೇಲೆಂಬ ಬಿಟ್ಟಿ ಹೆಮ್ಮೆ. ಹೆಮ್ಮೆಯಿಂದ ಹೊಟ್ಟೆ ತುಂಬುವುದಿಲ್ಲ. 1934ರ ಸೆಪ್ಟೆಂಬರಿನಲ್ಲಿ ಸುಮಾರು 4 ಲಕ್ಷ ಜವಳಿ ಕಾರ್ಮಿಕರು ಮುಷ್ಕರ ಹೂಡಿದಾಗ ಜಾರ್ಜಿಯಾದ ಗವರ್ನರ್ ಟಾಲ್ಮಡ್ಜ್ ಸೈನಿಕ ಆಡಳಿತ ಸಾರಿ, ಹಿಡಿದ ಮುಷ್ಕರಗಾರರನ್ನು ಅಟ್ಲಾಂಟಾ ಬಳಿಯ ಶಿಬಿರದಲ್ಲಿ ಕೂಡಿಹಾಕಿದ. ಬಿಳಿಯ ತೊಗಲು ಅವರನ್ನು ಕಾಯಲಿಲ್ಲ. ಮೂರು ವಾರಗಳಲ್ಲಿ ಮುಷ್ಕರ ಮುರಿಯಿತು. ಎಷ್ಟೋ ಜನ ಕೆಲಸ ಕಳಕೊಂಡರು. ಇಂಥ ಊರಿನಲ್ಲಿ ಪಕ್ಕದವನೊಡನೆ ಬಾಯಿಬಿಡಲು ಹೆದರುವುದು ಆತ್ಮದ ರೋಗವಲ್ಲ, ಪೆಟ್ಟು ತಿಂದವನ ಎಚ್ಚರ.

ಬಣ್ಣದ ಪೂರ್ವಗ್ರಹ ಏನು ಮಾಡಬಲ್ಲದೆಂಬುದಕ್ಕೆ ಕೋಪ್‌ಲ್ಯಾಂಡನ ಮಗ ವಿಲಿಯ ಕತೆಯೊಂದೇ ಸಾಕು. ಸೆರೆಯಲ್ಲಿ ಕಾವಲುಗಾರರು ಅವನನ್ನು ಚಳಿಯ ಕೋಣೆಯಲ್ಲಿ ಕಾಲುಗಳನ್ನು ಮೇಲಕ್ಕೆ ಕಟ್ಟಿ ಕೆಡವುತ್ತಾರೆ. ಪಾದಗಳು ಕೊಳೆತು, ಎರಡನ್ನೂ ಕತ್ತರಿಸಬೇಕಾಗುತ್ತದೆ. ನ್ಯಾಯ ಕೇಳಲು ನ್ಯಾಯಾಲಯಕ್ಕೆ ಹೋದ ಮುದಿ ತಂದೆಗೆ ಸಿಕ್ಕಿದ್ದು ಹೊಡೆತ ಮತ್ತು ಒಂದು ರಾತ್ರಿಯ ಸೆರೆ.

ಇನ್ನು ನಮಗೆ ಚುಚ್ಚುವ ಭಾಗಕ್ಕೆ ಬರೋಣ. ಬ್ಲೌಂಟ್, ಕೋಪ್‌ಲ್ಯಾಂಡ್ ಇಬ್ಬರೂ ಮಾರ್ಕ್ಸನನ್ನು ಓದಿದವರು, ಇಬ್ಬರೂ ಶೋಷಣೆಯನ್ನು ದ್ವೇಷಿಸುವವರು. ಒಂದು ರಾತ್ರಿ ವೈದ್ಯನ ಹಾಸಿಗೆಯ ಬಳಿ ಕೂತು ಬೆಳಗಿನವರೆಗೆ ಮಾತಾಡುತ್ತಾರೆ. ಸಾವಿರ ಕರಿಯರನ್ನು ಕರೆದುಕೊಂಡು ವಾಷಿಂಗ್ಟನ್ನಿಗೆ ಮೆರವಣಿಗೆ ಹೋಗಬೇಕೆಂದು ಒಬ್ಬ, ಮೊದಲು ಬಂಡವಾಳಶಾಹಿಯ ಗುಟ್ಟನ್ನು ಜನಕ್ಕೆ ಬಿಡಿಸಿ ಹೇಳಬೇಕೆಂದು ಇನ್ನೊಬ್ಬ. ಎರಡನ್ನೂ ಕೂಡಿಸಿದರೆ ಏನೋ ಆಗಬಹುದಿತ್ತು. ಆದರೆ ಬೆಳಕು ಹರಿಯುವ ಹೊತ್ತಿಗೆ ಬೈಗುಳದಲ್ಲಿ ಬೇರೆಯಾಗುತ್ತಾರೆ. ಎಲ್ಲವನ್ನೂ ಬಲ್ಲ ಇಬ್ಬರೂ ಕೇಳಿಸಿಕೊಳ್ಳುವುದನ್ನು ಮಾತ್ರ ಕಲಿತಿರಲಿಲ್ಲ. ಲೇಖಕಿ ಕ್ರಾಂತಿಕಾರರನ್ನು ಹಾಸ್ಯ ಮಾಡಿದಳೆಂದು ಸಿಟ್ಟಾಗುವುದು ಸುಲಭ. ನಾವು ಸಿಟ್ಟಾಗುವುದಿಲ್ಲ. ಸಭೆಯಲ್ಲಿ ಗಂಟೆಗಟ್ಟಲೆ ಭಾಷಣ ಮಾಡಿ, ಎದುರಿಗೆ ಕೂತವನ ಮನೆಯ ಸಾಲವೆಷ್ಟೆಂದು ಕೇಳದ ಮುಂದಾಳುಗಳು ಯಾವ ದೇಶದ ಚಳವಳಿಯಲ್ಲಿ ಇಲ್ಲ?

ಎಲ್ಲ ಒಂಟಿತನವೂ ಕೂಲಿ ಹೆಚ್ಚಿದರೆ ಹೋಗುವುದೇ ಎಂದು ಕೇಳಬಹುದು. ಇಲ್ಲ. ಗೆಳೆಯನನ್ನು ಕಳೆದುಕೊಂಡ ಸಿಂಗರನ ದುಃಖಕ್ಕೆ ಯಾವ ಸಂಘದಲ್ಲೂ ಮದ್ದಿಲ್ಲ. ಹೆಂಡತಿ ಸತ್ತ ಬಿಫ್, ಮುಚ್ಚದ ಅಂಗಡಿಯಲ್ಲಿ ಒಬ್ಬನೇ ನಿಂತು ಬೆಳಗಿಗಾಗಿ ಕಾಯುವುದಕ್ಕೂ ಇಲ್ಲ. ಆದರೆ ಮಿಕ್‌ಳ ಸಂಗೀತವನ್ನು ಕಸಿದದ್ದು ಸಾವಲ್ಲ, ಮನೆಯ ಬಡತನ. ಅವಳು ಶಾಲೆ ಬಿಟ್ಟು ಅಗ್ಗದ ಸಾಮಾನಿನ ಅಂಗಡಿಯಲ್ಲಿ ದುಡಿಯಲು ನಿಲ್ಲುತ್ತಾಳೆ. ವಿಲಿಯ ಪಾದಗಳನ್ನು ಕಸಿದದ್ದೂ ವಿಧಿಯಲ್ಲ. ಅಳಿಸಲಾಗದ ದುಃಖವನ್ನೂ ಅಳಿಸಬಹುದಾದ ದುಃಖವನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಹಣೆಬರಹವೆನ್ನುವುದರಿಂದ ಲಾಭ ಯಾರಿಗೆಂದು ಓದುಗರೇ ಯೋಚಿಸಲಿ.

ಇದೇ ಪುಸ್ತಕದಲ್ಲಿ ಬೇರೆ ದಾರಿಯ ಗುರುತೂ ಇದೆ. ಬಿಳಿಯರನ್ನೆಲ್ಲ ದ್ವೇಷಿಸುವ ಕೋಪ್‌ಲ್ಯಾಂಡ್ ಸಿಂಗರನನ್ನು ನಂಬಿದ್ದು ಏಕೆ? ಮಳೆಯ ರಾತ್ರಿಯೊಂದರಲ್ಲಿ ಈ ಬಿಳಿಯ, ಕೇಳದೆಯೇ, ಅವನ ಸಿಗರೇಟಿಗೆ ಕಡ್ಡಿ ಗೀರಿ ಹಿಡಿದಿದ್ದ. ಸಾಲ ಬೆಳೆಯುತ್ತಿದ್ದರೂ ಬ್ಲೌಂಟನಿಗೆ ಊಟ ಹಾಕಿದವನು ಅಂಗಡಿಕಾರ ಬಿಫ್. ಇವು ಸಣ್ಣ ಕೆಲಸಗಳು. ಇವುಗಳಿಂದ ಗಿರಣಿ ಮಾಲಿಕನ ಲೆಕ್ಕಪುಸ್ತಕ ಬದಲಾಗುವುದಿಲ್ಲ ಎಂಬುದು ನಿಜ. ಆದರೆ ಪಕ್ಕದವನ ಹೆಸರು ಗೊತ್ತಿಲ್ಲದವರು ಯಾವ ಮುಷ್ಕರವನ್ನೂ ಗೆದ್ದಿಲ್ಲ ಎಂಬುದೂ ಅಷ್ಟೇ ನಿಜ. ಆ ನಾಲ್ವರು ಸಿಂಗರನಿಂದ ಒಮ್ಮೆ ಮುಖ ತಿರುಗಿಸಿ ಒಬ್ಬರನ್ನೊಬ್ಬರು ನೋಡಿದ್ದರೆ ಆ ಕೋಣೆಯೇ ಒಂದು ಸಂಘದ ಮೊದಲ ಸಭೆಯಾಗಬಹುದಿತ್ತು.